ಕಾರ್ ಇನ್ಶೂರೆನ್ಸ್ ರಿನ್ಯೂ ಮಾಡುವಾಗ ದುಡ್ಡು ಎಲ್ಲಿ ಸೋರುತ್ತೆ? ಹಂತ ಹಂತವಾಗಿ ನೋಡೋಣ

ಪಾಲಿಸಿ ಮುಗಿಯೋಕೆ ಇನ್ನೂ ತಿಂಗಳಿದೆ ಅನ್ನುವಾಗಲೇ ಫೋನ್ ಶುರುವಾಗುತ್ತೆ. "ಸರ್, ನಿಮ್ಮ ಕಾರ್ ಇನ್ಶೂರೆನ್ಸ್ ಡ್ಯೂ ಇದೆ, ಹೋದ ವರ್ಷಕ್ಕಿಂತ ಮೂರು ಸಾವಿರ ಕಮ್ಮಿಗೆ ಮಾಡಿಕೊಡ್ತೀವಿ." ನಾನೂ ಒಂದು ವರ್ಷ ಈ ಮೂರು ಸಾವಿರಕ್ಕೆ ಬಿದ್ದವನೇ. ಎಂಟು ತಿಂಗಳಾದ ಮೇಲೆ ಶಿರಾಡಿ ಘಾಟಿಯಲ್ಲಿ ಮುಂದಿದ್ದ ಲಾರಿ ಗಕ್ಕನೆ ಬ್ರೇಕ್ ಹಾಕಿತು, ನನ್ನ ಕಾರಿನ ಬಂಪರ್, ಹೆಡ್‌ಲೈಟ್, ಬೊನೆಟ್ ಮೂರೂ ಹೋದವು. ಗ್ಯಾರೇಜ್ ಬಿಲ್ 34,700 ರೂಪಾಯಿ. ಇನ್ಶೂರೆನ್ಸ್‌ನಿಂದ ಬಂದಿದ್ದು 21,500. ಉಳಿದ 13,200 ನನ್ನ ಜೇಬಿನಿಂದ ಹೋಯಿತು.

ಸಿಟ್ಟು ಬಂತು, ಹಾರಾಡಿದೆ. ಆಮೇಲೆ ಪಾಲಿಸಿ ತೆಗೆದು ಓದಿದರೆ ಕಂಪನಿಯವರು ಅದರಲ್ಲಿ ಬರೆದಿದ್ದನ್ನೇ ಮಾಡಿದ್ದರು. ಆ ಮೂರು ಸಾವಿರ ಕಮ್ಮಿಯಾಗಿದ್ದು ಯಾಕೆ ಅಂತ ನಾನು ಕೇಳಿರಲಿಲ್ಲ, ಅಷ್ಟೆ. ರೇಟು ಏಕಾಏಕಿ ಇಳಿದಿದೆ ಅಂದರೆ ಬಹುಪಾಲು ಪಾಲಿಸಿಯಿಂದ ಏನನ್ನೋ ತೆಗೆದಿರುತ್ತಾರೆ. ಏನು ತೆಗೆದಿದ್ದಾರೆ ಅಂತ ಹುಡುಕುವುದು ನಮ್ಮ ಕೆಲಸ. ಈಗ ನಾನು ಪ್ರತಿ ವರ್ಷ ಅದನ್ನು ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ. ಒಂದು ಭಾನುವಾರ ಬೆಳಗ್ಗೆ ಕಾಫಿ ಹಿಡಿದು ಕೂತರೆ ಒಂದು ಗಂಟೆಯ ಕೆಲಸ.

ಹಂತ 1: ಹಳೇ ಪಾಲಿಸಿ ಹೊರಗೆ ತೆಗೆಯಿರಿ

ಮುಗಿಯುವ ತಾರೀಖಿಗೆ ಒಂದು ತಿಂಗಳು ಇರುವಾಗಲೇ ಶುರುಮಾಡಿ. ಇಮೇಲ್‌ನಲ್ಲಿ ಎಲ್ಲೋ ಬಿದ್ದಿರುವ ಪಿಡಿಎಫ್ ಹುಡುಕಿ. ಪುಟ ನೋಡಿ ಹೆದರಬೇಡಿ, ಮೊದಲ ಎರಡು ಮೂರು ಪುಟದ ಶೆಡ್ಯೂಲ್ ಮಾತ್ರ ಈಗ ಸಾಕು. ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಹಾಕಿದ ಬೆಲೆ) ಎಷ್ಟು, ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ಎಷ್ಟು ಪರ್ಸೆಂಟ್, ಯಾವ್ಯಾವ ಆಡ್-ಆನ್ (ಹೆಚ್ಚು ದುಡ್ಡು ಕೊಟ್ಟು ಸೇರಿಸುವ ಕವರ್) ಇವೆ, ಡಿಡಕ್ಟಿಬಲ್ (ಪ್ರತಿ ಕ್ಲೇಮಿನಲ್ಲಿ ನಾವೇ ಹಾಕಬೇಕಾದ ಪಾಲು) ಎಷ್ಟು, ಓನ್ ಡ್ಯಾಮೇಜ್ (ನಮ್ಮ ಕಾರಿನ ಹಾನಿಗೆ) ಯಾವತ್ತು ಮುಗಿಯುತ್ತೆ, ಥರ್ಡ್ ಪಾರ್ಟಿ (ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ) ಯಾವತ್ತು ಮುಗಿಯುತ್ತೆ.

ಕೊನೆಯ ಎರಡು ತಾರೀಖು ಬೇರೆ ಬೇರೆ ಇರಬಹುದು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ತಗೊಳ್ಳಬೇಕು. ಓನ್ ಡ್ಯಾಮೇಜ್ ಮಾತ್ರ ಸಾಮಾನ್ಯವಾಗಿ ಒಂದೇ ವರ್ಷದ್ದು. ಹಾಗಾಗಿ ಎರಡನೇ, ಮೂರನೇ ವರ್ಷ ನಿಮಗೆ ಬೇಕಿರುವುದು ಬರೀ ಓನ್ ಡ್ಯಾಮೇಜ್ ಪಾಲಿಸಿ. ಮೂರು ವರ್ಷ ಮುಗಿದಾಗ ಉಲ್ಟಾ ತಪ್ಪಾಗುತ್ತೆ: ಅಭ್ಯಾಸಬಲದಿಂದ ಬರೀ ಓನ್ ಡ್ಯಾಮೇಜ್ ಕಟ್ಟಿ, ಥರ್ಡ್ ಪಾರ್ಟಿ ಮರೆತು ಓಡಾಡುವವರಿದ್ದಾರೆ. ಥರ್ಡ್ ಪಾರ್ಟಿ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕರೆ ದಂಡ 4,000. ದಂಡ ಹೋಗಲಿ ಬಿಡಿ, ಆ ಸಮಯದಲ್ಲಿ ಯಾರಿಗಾದರೂ ಗುದ್ದಿದರೆ ಕೋರ್ಟ್ ಹೇಳಿದ ಪರಿಹಾರವನ್ನು ಮನೆ ಮಾರಿಯಾದರೂ ನಾವೇ ಕೊಡಬೇಕು.

ಹಂತ 2: ಬಿಲ್ ಬಿಡಿಸಿ ನೋಡಿ

ಪ್ರೀಮಿಯಂ ಅಂದರೆ ಒಂದೇ ಗಂಟು ಅಂದುಕೊಳ್ಳಬೇಡಿ. ಅದರಲ್ಲಿ ನಾಲ್ಕೈದು ತುಂಡು ಇರುತ್ತೆ.

ಮೊದಲನೆಯದು ಥರ್ಡ್ ಪಾರ್ಟಿ. ಇದರ ರೇಟು ಸರ್ಕಾರವೇ ಗೊತ್ತು ಮಾಡುತ್ತೆ, ಎಲ್ಲ ಕಂಪನಿಯಲ್ಲೂ ಒಂದೇ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಸ್ವಂತ ಕಾರಿಗೆ ವರ್ಷಕ್ಕೆ 2,094, 1000ದಿಂದ 1500 ಸಿಸಿಗೆ 3,416, ಅದಕ್ಕಿಂತ ದೊಡ್ಡ ಎಂಜಿನ್‌ಗೆ 7,897 ರೂಪಾಯಿ. ಎಲೆಕ್ಟ್ರಿಕ್ ಕಾರಿಗೆ ಸ್ವಲ್ಪ ಕಮ್ಮಿ, 30 ಕಿಲೋವ್ಯಾಟ್‌ವರೆಗೆ 1,780, 65ರವರೆಗೆ 2,904, ಅದರ ಮೇಲೆ 6,712. "ಥರ್ಡ್ ಪಾರ್ಟಿಯಲ್ಲಿ ಡಿಸ್ಕೌಂಟ್ ಕೊಡಿಸ್ತೀನಿ" ಅಂತ ಯಾರಾದರೂ ಹೇಳಿದರೆ ಫೋನ್ ಇಡಿ.

ಎರಡನೆಯದು ಓನ್ ಡ್ಯಾಮೇಜ್, ಅಂದರೆ ನಮ್ಮ ಕಾರಿನ ರಿಪೇರಿಗೆ. ಚೌಕಾಸಿ ಮಾಡಬಹುದಾದ ಮುಖ್ಯ ಜಾಗ ಇದೇ. ಕಂಪನಿಯಿಂದ ಕಂಪನಿಗೆ ಡಿಸ್ಕೌಂಟ್ ನಿಜಕ್ಕೂ ಬದಲಾಗುತ್ತೆ, ಹಾಗಾಗಿ ಮೂರು ಕಡೆ ಕೇಳಿ. ಕಾರು ರಿಜಿಸ್ಟರ್ ಆದ ಊರೂ ಲೆಕ್ಕಕ್ಕೆ ಬರುತ್ತೆ: ಬೆಂಗಳೂರು ಸೇರಿ ಎಂಟು ದೊಡ್ಡ ನಗರಗಳು ಎ ಝೋನ್, ಉಳಿದದ್ದು ಬಿ ಝೋನ್, ಎ ಝೋನ್‌ಗೆ ರೇಟು ಒಂಚೂರು ಜಾಸ್ತಿ.

ಮೂರನೆಯದು ಪಿಎ (ಪರ್ಸನಲ್ ಆಕ್ಸಿಡೆಂಟ್) ಕವರ್, ಮಾಲೀಕನೇ ಓಡಿಸುವಾಗ ಜೀವಕ್ಕೆ ಅಪಾಯವಾದರೆ 15 ಲಕ್ಷ. ಇಲ್ಲಿ ಸುಲಭದ ಉಳಿತಾಯ ಇದೆ. ಮನೆಯಲ್ಲಿ ಒಂದು ಕಾರು, ಒಂದು ಬೈಕು ನಿಮ್ಮದೇ ಹೆಸರಲ್ಲಿದ್ದರೆ ಎರಡಕ್ಕೂ ಪಿಎ ಕಟ್ಟಬೇಕಿಲ್ಲ, ಒಂದು ಸಾಕು. 15 ಲಕ್ಷದ ಬೇರೆ ಅಪಘಾತ ವಿಮೆ ಇದ್ದರೂ ನಡೆಯುತ್ತೆ. ವೆಬ್‌ಸೈಟಿನಲ್ಲಿ ಆ ಟಿಕ್ ತಾನಾಗಿಯೇ ಬಿದ್ದಿರುತ್ತೆ, ನೋಡಿ ತೆಗೆಯಿರಿ. ಆದರೆ ಬೇರೆ ಕವರ್ ಇಲ್ಲದೆ ಸುಮ್ನೆ ತೆಗೆಯಬೇಡಿ. ಕಾರು ಹೆಂಡತಿಯ ಹೆಸರಲ್ಲಿದ್ದು ಅವರಿಗೆ ಡಿಎಲ್ ಇಲ್ಲ ಅಂದರೆ ಈ ಕವರ್ ಕೆಲಸಕ್ಕೆ ಬರಲ್ಲ, ಓಡಿಸುವ ಗಂಡನಿಗೆ ಇದರಲ್ಲಿ ಏನೂ ಸಿಗಲ್ಲ. ತಿಂಗಳ ಸಂಬಳಕ್ಕೆ ಡ್ರೈವರ್ ಇಟ್ಟುಕೊಂಡಿದ್ದರೆ ಅವರ ಹೊಣೆಗೆ ವರ್ಷಕ್ಕೆ 50 ರೂಪಾಯಿಯ ಒಂದು ಸಾಲು ಇರುತ್ತೆ. ಐವತ್ತೇ ರೂಪಾಯಿ, ದಯವಿಟ್ಟು ಹಾಕಿಸಿ.

ಆಮೇಲೆ ಆಡ್-ಆನ್‌ಗಳು, ಎಲ್ಲದರ ಮೇಲೆ ಶೇ. 18 ಜಿಎಸ್‌ಟಿ.

ಹಂತ 3: ಐಡಿವಿಯಲ್ಲಿ ಕೈಚಳಕ ನೋಡಿ

ಐಡಿವಿ ಅಂದರೆ ಕಾರು ಪೂರ್ತಿ ಹೋದರೆ ಅಥವಾ ಕಳ್ಳತನವಾದರೆ ಕೈಗೆ ಬರುವ ಗರಿಷ್ಠ ಹಣ. ಕಾರು ತಯಾರಿಸುವ ಕಂಪನಿ ಪಟ್ಟಿಮಾಡಿದ ಮಾರಾಟ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಕಳೆಯುತ್ತಾರೆ: ಆರು ತಿಂಗಳೊಳಗೆ ಶೇ. 5, ಒಂದು ವರ್ಷದೊಳಗೆ 15, ಎರಡರೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಐದು ದಾಟಿದ ಮೇಲೆ ನಾವು, ಇನ್ಶೂರೆನ್ಸ್ ಕಂಪನಿ ಒಪ್ಪಿದ್ದೇ ಬೆಲೆ. ರೋಡ್ ಟ್ಯಾಕ್ಸ್, ರಿಜಿಸ್ಟ್ರೇಷನ್ ಇದರಲ್ಲಿ ಸೇರಲ್ಲ. ಕರ್ನಾಟಕದಲ್ಲಿ ರೋಡ್ ಟ್ಯಾಕ್ಸ್ ಎಷ್ಟು ಹಿಂಡುತ್ತಾರೆ ಅಂತ ಕಾರು ಕೊಂಡವರಿಗೆ ಹೇಳಬೇಕಿಲ್ಲ, ಅಲ್ವಾ?

ಫೋನ್ ಮಾಡುವವರ ಮೊದಲ ಟ್ರಿಕ್ ಇಲ್ಲೇ ಇರೋದು. ನಿಮ್ಮ ಕಾರಿಗೆ 5.2 ಲಕ್ಷ ಐಡಿವಿ ಸಿಗಬೇಕಿದ್ದಲ್ಲಿ 4.4 ಲಕ್ಷ ಹಾಕಿ ಕೋಟ್ (ಪ್ರೀಮಿಯಂ ಎಷ್ಟಾಗುತ್ತೆ ಅನ್ನುವ ಲೆಕ್ಕ) ಕಳಿಸುತ್ತಾರೆ. ಪ್ರೀಮಿಯಂ ಒಂದಿಷ್ಟು ಇಳಿಯುತ್ತೆ, ನಾವು ಖುಷಿಪಡುತ್ತೇವೆ. ಕಾರು ಕಳುವಾದರೆ 80,000 ಖೋತಾ. ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆಯಲ್ಲ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಟೋಟಲ್ ಲಾಸ್, ಅಂದರೆ ಕಾರು ಪೂರ್ತಿ ಹೋಯಿತು ಅಂತ ಲೆಕ್ಕ. 5.2 ಲಕ್ಷಕ್ಕೆ ಆ ಗೆರೆ 3.9 ಲಕ್ಷದಲ್ಲಿ ಬರುತ್ತೆ, 4.4 ಲಕ್ಷಕ್ಕೆ 3.3 ಲಕ್ಷದಲ್ಲೇ. ಅಂದರೆ 3.5 ಲಕ್ಷದ ರಿಪೇರಿ ಬಂದಾಗ ಮೊದಲನೆಯವರ ಕಾರು ಗ್ಯಾರೇಜಿನಿಂದ ವಾಪಸ್ ಬರುತ್ತೆ, ಎರಡನೆಯವರದ್ದು ಗುಜರಿಗೆ ಹೋಗುತ್ತೆ.

ಹಾಗಂತ ಐಡಿವಿ ಮಿತಿಮೀರಿ ಏರಿಸಿದರೂ ದುಡ್ಡು ವ್ಯರ್ಥ. ಬಂಪರ್ ಒಡೆದರೆ ಐಡಿವಿ ಜಾಸ್ತಿ ಇದೆ ಅಂತ ಬಂಪರ್‌ಗೆ ಜಾಸ್ತಿ ಕೊಡಲ್ಲ. ನಿಮ್ಮ ಕಾರನ್ನು ಇವತ್ತು ಮಾರಿದರೆ ಎಷ್ಟು ಬರುತ್ತೋ ಅದರ ಹತ್ತಿರ ಇಟ್ಟುಕೊಳ್ಳಿ, ಎಲ್ಲ ಕಂಪನಿಗೂ ಅದೇ ಐಡಿವಿ ಕೊಟ್ಟು ಕೋಟ್ ಕೇಳಿ. ಆಗ ಮಾತ್ರ ಹೋಲಿಕೆಗೆ ಅರ್ಥ.

ಹಂತ 4: ನೋ ಕ್ಲೇಮ್ ಬೋನಸ್ ಲೆಕ್ಕ ಹಾಕಿ

ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ ಶೇ. 20, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಈ ರಿಯಾಯಿತಿ ಓನ್ ಡ್ಯಾಮೇಜ್ ಮೇಲೆ ಮಾತ್ರ. ಒಂದು ಕ್ಲೇಮ್ ಮಾಡಿದರೆ ಸೊನ್ನೆಗೆ ಜಾರುತ್ತೆ, ಹಾವು ಏಣಿ ಆಟದ ಹಾಗೆ.

50 ಪರ್ಸೆಂಟ್ ಬೋನಸ್ ಇರುವವರು ಸಣ್ಣ ಕ್ಲೇಮ್ ಮಾಡುವ ಮುಂಚೆ ಈ ಲೆಕ್ಕ ನೋಡಿ. ಬೋನಸ್ ಕಳೆಯುವ ಮುಂಚಿನ ಓನ್ ಡ್ಯಾಮೇಜ್ 9,000 ರೂಪಾಯಿ ಅಂದುಕೊಳ್ಳಿ. ಕ್ಲೇಮ್ ಆದ ಮುಂದಿನ ವರ್ಷ 50 ಪರ್ಸೆಂಟ್ ನಷ್ಟ. ಅದರ ಮುಂದಿನ ವರ್ಷ 50 ಇರಬೇಕಾದಲ್ಲಿ 20, ಅಂದರೆ 30 ನಷ್ಟ. ಆಮೇಲೆ 25, 15, 5. ಎಲ್ಲ ಕೂಡಿದರೆ ಐದು ವರ್ಷದಲ್ಲಿ 125 ಪರ್ಸೆಂಟ್, 11,250 ರೂಪಾಯಿ. ವರ್ಷ ವರ್ಷ ಐಡಿವಿ ಇಳಿಯುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಕಮ್ಮಿ ಆಗುತ್ತೆ, ಆದರೂ ಬಾಗಿಲ ಮೇಲಿನ 5,000 ರೂಪಾಯಿಯ ಗೀರಿಗೆ ಕ್ಲೇಮ್ ಮಾಡುವುದು ದಡ್ಡತನ. ಟಿಂಕರಿಂಗ್ ಮಾಡುವವನ ಹತ್ತಿರ ಹೋಗಿ ಕೈಯಿಂದಲೇ ಕೊಡಿ.

ಬೋನಸ್ ಕಾರಿನದ್ದಲ್ಲ, ಮಾಲೀಕನದ್ದು. ಹಳೇ ಕಾರು ಮಾರುವಾಗ ಕಂಪನಿಯಿಂದ ಎನ್‌ಸಿಬಿ (ನೋ ಕ್ಲೇಮ್ ಬೋನಸ್) ಸರ್ಟಿಫಿಕೇಟ್ ಬರೆಸಿಕೊಳ್ಳಿ, ಮೂರು ವರ್ಷದೊಳಗೆ ಹೊಸ ಕಾರಿಗೆ ಹಾಕಿಕೊಳ್ಳಬಹುದು. ಹೊಸ ಕಾರಿನ ಓನ್ ಡ್ಯಾಮೇಜ್ ದೊಡ್ಡ ಮೊತ್ತ, ಅದರಲ್ಲಿ ಅರ್ಧ ಉಳಿಯುತ್ತೆ. ಷೋರೂಮಿನವರಿಗೆ ಇದು ಗೊತ್ತಿದ್ದರೂ ನಾವು ಬಾಯಿಬಿಟ್ಟು ಕೇಳುವವರೆಗೆ ನೆನಪಾಗಲ್ಲ.

ಇಲ್ಲಿ ದೊಡ್ಡ ಅಪಾಯ ಒಂದಿದೆ. ಹೋದ ವರ್ಷ ಕ್ಲೇಮ್ ಮಾಡಿರುತ್ತೀರಿ, ಹೊಸ ಏಜೆಂಟು ರೇಟು ಇಳಿಸೋಕೆ "ಕ್ಲೇಮ್ ಇಲ್ಲ" ಅಂತ ಟಿಕ್ ಹಾಕಿ 50 ಪರ್ಸೆಂಟ್ ಬೋನಸ್ ತೋರಿಸುತ್ತಾನೆ. ಹಳೇ ಕಂಪನಿಯನ್ನು ಕೇಳಿದರೆ ಸತ್ಯ ಗೊತ್ತಾಗುತ್ತೆ, ಕ್ಲೇಮ್ ಬಂದಾಗ ಕೇಳೇ ಕೇಳುತ್ತಾರೆ. ಸುಳ್ಳು ಅಂತ ತಿಳಿದರೆ ಓನ್ ಡ್ಯಾಮೇಜ್ ಕ್ಲೇಮ್ ಪೂರ್ತಿ ಹೋಗಬಹುದು. ಟಿಕ್ ಹಾಕಿದ್ದು ಅವನಾದರೂ ಪಾಲಿಸಿಯಲ್ಲಿರುವುದು ನಿಮ್ಮ ಹೆಸರು. ಈಗಾಗಲೇ ಹೀಗಾಗಿದ್ದರೆ ಇವತ್ತೇ ಕಂಪನಿಗೆ ಬರೆದು, ವ್ಯತ್ಯಾಸದ ಹಣ ಕಟ್ಟಿ ಸರಿಮಾಡಿಸಿ.

ಹಂತ 5: ಆಡ್-ಆನ್ ಆರಿಸಿ

ಈಗ ನನ್ನ 13,200ಕ್ಕೆ ಬರೋಣ. ಕಾರಿಗೆ ಮೂರೂವರೆ ವರ್ಷ ಆಗಿತ್ತು. ಮಾಮೂಲಿ ಪಾಲಿಸಿಯಲ್ಲಿ ಹಳೇ ಪಾರ್ಟ್ ಬದಲು ಹೊಸ ಪಾರ್ಟ್ ಹಾಕಿದಾಗ ಸವಕಳಿ ಅಂತ ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ, ಏರ್‌ಬ್ಯಾಗ್‌ಗೆ ಕಾರು ಎಷ್ಟೇ ಹೊಸದಿರಲಿ ಅರ್ಧ. ಫೈಬರ್‌ಗೆ ಶೇ. 30. ಗಾಜಿಗೆ ಏನೂ ಇಲ್ಲ. ಲೋಹಕ್ಕೆ ವಯಸ್ಸಿನ ಮೇಲೆ, ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇ. 25.

ಬಂಪರ್ 8,000, ಪ್ಲಾಸ್ಟಿಕ್ಕು, 4,000 ಹೋಯಿತು. ಹೆಡ್‌ಲೈಟ್ 9,000, ಗಾಜು ಅಂದುಕೊಂಡಿದ್ದೆ, ಈಗಿನದೆಲ್ಲ ಪ್ಲಾಸ್ಟಿಕ್ಕೇ, 4,500 ಹೋಯಿತು. ಬೊನೆಟ್ 7,000, ಲೋಹ, 1,750. ಪೇಂಟಿಂಗ್ 6,000, ಅದರಲ್ಲಿ ಕಾಲು ಭಾಗ ಬಣ್ಣದ ಖರ್ಚು ಅಂತ ಹಿಡಿದು ಅದರರ್ಧ ಕಳೆಯುತ್ತಾರೆ, 750. ಕೂಲಿ 3,500 ಪೂರ್ತಿ ಕೊಟ್ಟರು. ಕೂಲೆಂಟ್, ಕ್ಲಿಪ್ಪು, ನಟ್ಟು ಬೋಲ್ಟು 1,200, ಅದಕ್ಕೆ ಪೈಸೆ ಕೊಡಲಿಲ್ಲ. ಕೊನೆಗೆ 1,000 ರೂಪಾಯಿ ಕಡ್ಡಾಯ ಡಿಡಕ್ಟಿಬಲ್. ಇದು 1500 ಸಿಸಿವರೆಗಿನ ಕಾರಿಗೆ 1,000, ಮೇಲಿನದಕ್ಕೆ 2,000, ಪ್ರತಿ ಕ್ಲೇಮಿಗೂ ಕಳೆಯುತ್ತಾರೆ. ಸವಕಳಿ ಕಳೆಯದೆ ಕೊಡುವ ಝೀರೋ ಡೆಪ್ ಅನ್ನುವ ಆಡ್-ಆನ್ ಇದ್ದಿದ್ದರೆ ನನ್ನ ಪಾಲು ಬರೀ 2,200. ಆ ವರ್ಷದ "ಮೂರು ಸಾವಿರ ಕಮ್ಮಿ" ಬಂದಿದ್ದು ಝೀರೋ ಡೆಪ್ ತೆಗೆದು.

ಹಾಗಾಗಿ ಐದು ವರ್ಷದೊಳಗಿನ ಕಾರಿಗೆ ಝೀರೋ ಡೆಪ್ ಬಿಡಬೇಡಿ. ಜನ ಇದನ್ನು ಬಂಪರ್ ಟು ಬಂಪರ್ ಅನ್ನುತ್ತಾರೆ, ಆದರೆ ಅದಕ್ಕೂ ಬೇಲಿ ಇದೆ: ಬಹಳ ಪಾಲಿಸಿಯಲ್ಲಿ ವರ್ಷಕ್ಕೆ ಎರಡೇ ಕ್ಲೇಮು, ಡಿಡಕ್ಟಿಬಲ್ ಹೇಗೂ ಕಳೆಯುತ್ತಾರೆ, ನಟ್ಟು ಬೋಲ್ಟು ಎಣ್ಣೆಗೆ ಕನ್ಸ್ಯೂಮಬಲ್ಸ್ ಅಂತ ಬೇರೆ ಆಡ್-ಆನ್ ಬೇಕು. ಮಧ್ಯೆ ಒಂದು ವರ್ಷ ಬಿಟ್ಟರೆ ಮತ್ತೆ ಕೊಡಲು ಕೆಲವರು ತಕರಾರು ಮಾಡುತ್ತಾರೆ.

ನೀರು ನುಗ್ಗಿ ಎಂಜಿನ್ ಹಾಳಾದರೆ ಕೊಡುವ ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಬೆಂಗಳೂರು, ಮಂಗಳೂರು ಕಡೆಯವರಿಗೆ ಬೇಕೇ ಬೇಕು. 2022ರ ಸೆಪ್ಟೆಂಬರ್ ಮಳೆಯಲ್ಲಿ ಸರ್ಜಾಪುರ ರಸ್ತೆ, ಹೊರ ವರ್ತುಲ ರಸ್ತೆ ಕಡೆ ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ಮುಳುಗಿದ್ದು ನೆನಪಿದೆಯಲ್ಲ? ನೆರೆ ಮಾಮೂಲಿ ಪಾಲಿಸಿಯಲ್ಲೂ ಬರುತ್ತೆ, ಸೀಟು, ಕಾರ್ಪೆಟ್, ವೈರಿಂಗ್ ಹಾಳಾದರೆ ಕೊಡುತ್ತಾರೆ. ಆದರೆ ನೀರು ನಿಂತ ಕಾರನ್ನು ಸ್ಟಾರ್ಟ್ ಮಾಡಿ ನೀರು ಎಂಜಿನ್ನಿಗೆ ಎಳೆದುಕೊಂಡು ಜಾಮ್ ಆದರೆ, ಅದು ನೆರೆಯಿಂದ ಆದದ್ದಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಅಂತ ಕೈಬಿಡುತ್ತಾರೆ. ಆಡ್-ಆನ್ ಇದ್ದರೂ ಮುಳುಗಿದ ಕಾರಿನ ಕೀ ತಿರುಗಿಸಬೇಡಿ. ಬ್ಯಾಟರಿ ವೈರು ಬಿಚ್ಚಿಸಿ, ಫೋಟೋ ತೆಗೆದು, ಟೋ ಮಾಡಿಸಿ.

ರಿಟರ್ನ್ ಟು ಇನ್‌ವಾಯ್ಸ್ ಮೊದಲ ಮೂರು ವರ್ಷಕ್ಕೆ ಒಳ್ಳೆಯದು, ಟೋಟಲ್ ಲಾಸ್ ಆದಾಗ ಐಡಿವಿಗೂ ಕೊಂಡ ಬೆಲೆಗೂ ನಡುವಿನ ಗುಂಡಿ ತುಂಬುತ್ತೆ. ಎಲೆಕ್ಟ್ರಿಕ್ ಕಾರಿದ್ದರೆ ದೊಡ್ಡ ಬ್ಯಾಟರಿಗೆ ಸವಕಳಿ ಹೇಗೆ ಅಂತ ಮೊದಲು ಕೇಳಿ, ಆ ಕಾರಿನ ಜೀವವೇ ಅದು. ಕೀ ಕವರ್, ಟೈರ್ ಕವರ್ ನನಗೆ ಯಾವತ್ತೂ ಬೇಕು ಅನ್ನಿಸಿಲ್ಲ.

ವಾಲಂಟರಿ ಡಿಡಕ್ಟಿಬಲ್ ಅನ್ನುವ ಪೆಟ್ಟಿಗೆ ಒಂದಿರುತ್ತೆ. "ಮೊದಲ 5,000 ನಾನೇ ಹಾಕ್ತೀನಿ" ಅಂದರೆ ರೇಟು ಇಳಿಯುತ್ತೆ. ನೀವು ಗೊತ್ತಿದ್ದು ಆರಿಸಿದರೆ ಸರಿ. ಕೋಟ್ ಅಗ್ಗ ಕಾಣಲಿ ಅಂತ ಬೇರೆಯವರು ಆರಿಸಿಟ್ಟಿದ್ದರೆ ತೆಗೆಸಿ.

ಹಂತ 6: ಸಣ್ಣಕ್ಷರದ ಮಿತಿಗಳು

ಶೆಡ್ಯೂಲ್‌ನಲ್ಲಿ "ಬಳಕೆಯ ಮಿತಿ" ಅಂತ ನಾಲ್ಕು ಸಾಲು ಇರುತ್ತೆ. ಬಾಡಿಗೆಗೆ ಓಡಿಸಬಾರದು, ರೇಸ್ ಮಾಡಬಾರದು ಅಂತ ಅಲ್ಲಿದೆ. ಬಿಳಿ ಬೋರ್ಡ್ ಕಾರಲ್ಲಿ ದುಡ್ಡು ತಗೊಂಡು ಏರ್‌ಪೋರ್ಟ್ ಟ್ರಿಪ್ ಹೊಡೆಯುವಾಗ ಗುದ್ದಿದರೆ ಕ್ಲೇಮ್ ಕಷ್ಟ. ಊರಿನ ಮದುವೆಗೆ "ಡೀಸೆಲ್ ಹಾಕಿಸ್ತೀನಿ, ಕಾರ್ ಕೊಡು" ಅನ್ನುವ ಭಾವನ ವಿಷಯ ಬೇರೆ, ಆದರೆ ಓಡಿಸುವವನ ಡಿಎಲ್ ಚಾಲ್ತಿಯಲ್ಲಿರಬೇಕು. ನಿಮ್ಮ ಡಿಎಲ್ ಯಾವತ್ತು ಮುಗಿಯುತ್ತೆ ಅಂತ ಈಗಲೇ ನೋಡಿ. ಕುಡಿದು ಓಡಿಸಿದರೆ ನಮ್ಮ ಕಾರಿನ ರಿಪೇರಿಗೆ ಏನೂ ಇಲ್ಲ.

ಹೊರಗೆ ಹಾಕಿಸಿದ ಸಿಎನ್‌ಜಿ ಕಿಟ್ ಮೊದಲು ಆರ್‌ಸಿಯಲ್ಲಿ, ಆಮೇಲೆ ಪಾಲಿಸಿಯಲ್ಲಿ ಸೇರಬೇಕು. ಸೇರಿಸದೆ ಬೆಂಕಿ ಬಿದ್ದರೆ ಕಥೆ ಮುಗಿಯಿತು. ದುಬಾರಿ ಮ್ಯೂಸಿಕ್ ಸಿಸ್ಟಮ್, ಅಲಾಯ್ ವೀಲ್ ಕೂಡ ಹೇಳಿ ಸೇರಿಸದಿದ್ದರೆ ಲೆಕ್ಕಕ್ಕಿಲ್ಲ. ತಾನಾಗಿ ಕೆಟ್ಟ ಎಸಿ, ಗೇರ್‌ಬಾಕ್ಸ್, ಸವೆದ ಟೈರು ಇನ್ಶೂರೆನ್ಸ್ ವಿಷಯವೇ ಅಲ್ಲ. ಥರ್ಡ್ ಪಾರ್ಟಿಯಲ್ಲಿ ಬೇರೆಯವರ ಜೀವ, ಗಾಯಕ್ಕೆ ಮಿತಿ ಇಲ್ಲ, ಆದರೆ ಆಸ್ತಿಗೆ 7.5 ಲಕ್ಷ ಮಿತಿ. ಅದನ್ನು 6,000ಕ್ಕೆ ಇಳಿಸಿ ಪುಡಿಗಾಸು ಉಳಿಸುವ ಆಯ್ಕೆಯೂ ಇದೆ, ಆ ಸಾಲನ್ನೂ ನೋಡಿ. ಪಾಲಿಸಿ ನಡೆಯುವುದು ಭಾರತದೊಳಗೆ ಮಾತ್ರ, ಭೂತಾನ್, ನೇಪಾಳಕ್ಕೆ ಕಾರಲ್ಲಿ ಹೊರಟವರು ಮೊದಲೇ ವಿಸ್ತರಣೆ ಬರೆಸಿ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಕಾರಿನ ಮಾಲೀಕತ್ವ ಬದಲಾದ 14 ದಿನದೊಳಗೆ ಪಾಲಿಸಿಯನ್ನೂ ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಬೇಕು. ಥರ್ಡ್ ಪಾರ್ಟಿ ತಾನಾಗಿ ಬರುತ್ತೆ, ಓನ್ ಡ್ಯಾಮೇಜ್ ಬರಲ್ಲ. ನಮ್ಮ ಪಕ್ಕದ ಮನೆಯವರು ಹಳೇ ಮಾಲೀಕರ ಹೆಸರಲ್ಲೇ ಒಂದು ವರ್ಷ ಓಡಿಸಿ, ಕ್ಲೇಮ್ ದಿನ ಇದನ್ನು ಕಲಿತರು.

ಹಂತ 7: ಹಣ ಕಟ್ಟುವ ದಿನ

ಪಾಲಿಸಿ ಮುಗಿದ ಮೇಲೆ 90 ದಿನ ಟೈಮ್ ಇದೆ ಅಂತ ಬಹಳ ಜನ ನಂಬಿದ್ದಾರೆ. ಆ 90 ದಿನ ಬೋನಸ್ ಉಳಿಸಿಕೊಳ್ಳಲು ಮಾತ್ರ. ಕವರ್ ಮುಗಿಯುವುದು ಆ ದಿನ ಮಧ್ಯರಾತ್ರಿಗೇ. ಮರುದಿನ ಬೆಳಗ್ಗೆ ಹಾಲು ತರಲು ಹೋಗಿ ಗುದ್ದಿದರೂ ಏನೂ ಇಲ್ಲ. ಬಿಟ್ಟುಹೋಗಿದ್ದರೆ ಕಾರಿನ ಇನ್‌ಸ್ಪೆಕ್ಷನ್ ಮಾಡಿಸಿ, ಅಥವಾ ಮೊಬೈಲಲ್ಲಿ ವಿಡಿಯೋ ಕಳಿಸಿ ಹೊಸದಾಗಿ ತಗೊಳ್ಳಬೇಕು. ಅಲ್ಲಿಯವರೆಗೆ ಕಾರು ಮನೆಯಲ್ಲೇ ಇರಲಿ.

ದುಡ್ಡು ಏಜೆಂಟಿನ ಸ್ವಂತ ಯುಪಿಐಗೆ ಹಾಕಬೇಡಿ, ಕಂಪನಿಯ ಲಿಂಕ್‌ನಲ್ಲೇ ಕಟ್ಟಿ. ಪಾಲಿಸಿ ಬಂದ ತಕ್ಷಣ ಮೊದಲ ಹಂತದ ಹಾಳೆ ಪಕ್ಕಕ್ಕಿಟ್ಟು ಒಂದೊಂದೇ ಸಾಲು ತಾಳೆ ನೋಡಿ: ಎಂಜಿನ್ ನಂಬರ್, ಚಾಸಿಸ್ ನಂಬರ್, ಐಡಿವಿ, ಬೋನಸ್, ಆಡ್-ಆನ್. ಎರಡು ಮೂರು ದಿನ ಬಿಟ್ಟು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹೊಸ ತಾರೀಖು ಬಂದಿದೆಯಾ ನೋಡಿ. ಪಾಲಿಸಿ ನಕಲಿಯಾಗಿದ್ದರೆ ಅಲ್ಲಿ ಗೊತ್ತಾಗುತ್ತೆ.

ಹಂತ 8: ಕ್ಲೇಮ್ ಬಂದರೆ, ತಕರಾರು ಬಂದರೆ

ಅಪಘಾತ ಆದ ಜಾಗದಲ್ಲೇ ನಂಬರ್ ಪ್ಲೇಟ್ ಕಾಣುವಂತೆ ಫೋಟೋ ತೆಗೆಯಿರಿ, ಅವತ್ತೇ ಕಂಪನಿಗೆ ತಿಳಿಸಿ. ಸರ್ವೇಯರ್ (ಹಾನಿಯ ಲೆಕ್ಕ ಹಾಕಲು ಬರುವವರು) ನೋಡುವ ಮುಂಚೆ ಗ್ಯಾರೇಜಿನವರಿಗೆ ಏನನ್ನೂ ಬಿಚ್ಚಲು ಬಿಡಬೇಡಿ. ಯಾರಿಗಾದರೂ ಗಾಯವಾಗಿದ್ದರೆ, ಕಾರು ಕಳುವಾಗಿದ್ದರೆ ಮೊದಲು ಪೊಲೀಸ್ ಸ್ಟೇಷನ್. ಕಳುವಿನ ಕ್ಲೇಮಿಗೆ ಎರಡೂ ಕೀ ಕೇಳುತ್ತಾರೆ, ಸ್ಪೇರ್ ಕೀ ಎಲ್ಲಿದೆ ಅಂತ ಇವತ್ತೇ ಹುಡುಕಿಡಿ.

ಕ್ಲೇಮ್ ತಳ್ಳಿಹಾಕಿದರೆ ಕಾರಣ ಬರಹದಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಮಾಡಿ. ಜೊತೆಗೆ ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಹಾಕಬಹುದು, ಅಥವಾ 155255ಕ್ಕೆ ಫೋನ್ ಮಾಡಬಹುದು. ಒಂದು ತಿಂಗಳಾದರೂ ಉತ್ತರ ಇಲ್ಲ, ಅಥವಾ ಉತ್ತರ ಸರಿಯಿಲ್ಲ ಅಂದರೆ ಇಂಥ ದೂರು ಕೇಳಿ ತೀರ್ಮಾನಿಸುವ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಇದ್ದಾರೆ, ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಫೀಸಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ, ಒಂದು ವರ್ಷದೊಳಗೆ ಹೋಗಬೇಕು. ಹೋಗುವಾಗ ಪಾಲಿಸಿ, ಸರ್ವೇಯರ್ ರಿಪೋರ್ಟ್, ತಿರಸ್ಕಾರದ ಪತ್ರ, ಗ್ಯಾರೇಜ್ ಬಿಲ್, ಮತ್ತೆ ರಿನ್ಯೂವಲ್ ಸಮಯದಲ್ಲಿ ಏಜೆಂಟು ಕಳಿಸಿದ ಕೋಟ್ ಮೆಸೇಜುಗಳ ಪ್ರಿಂಟ್ ತಗೊಂಡು ಹೋಗಿ. ನನ್ನ ಹತ್ತಿರ ಆ ಮೂರು ಸಾವಿರದ ಫೋನ್ ಕರೆ ಬಿಟ್ಟು ಬರಹದಲ್ಲಿ ಏನೂ ಇರಲಿಲ್ಲ, ಅದಕ್ಕೇ ಈಗ ಯಾರೇ ಫೋನ್ ಮಾಡಿದರೂ "ವಾಟ್ಸಾಪ್ ಮಾಡಿ" ಅಂತ ಇಟ್ಟುಬಿಡುತ್ತೇನೆ.